ಮೆದುಳಿನ ಗಡ್ಡೆ ಮತ್ತು ಮನಸ್ಸು: ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಇವು ದವಾಖಾನೆಯ ವರಾಂಡದಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ, ಹೆಸರು ಊರು ಮಾತ್ರ ತೆಗೆದಿದ್ದೇನೆ. ಆಪರೇಷನ್ ಬೇಕಾ, ಯಾವ ಔಷಧ ಅನ್ನುವುದನ್ನೆಲ್ಲ ನಿಮ್ಮ ಡಾಕ್ಟರೇ ಹೇಳಬೇಕು. ಅವರ ಕೋಣೆಯಿಂದ ಹೊರಗೆ ಬಂದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ. ಇವತ್ತು ನಿಮಗೆ ಬೇಕಾದದ್ದಷ್ಟೇ ಓದಿ.

## ಶುರುವಿನ ದಿನಗಳು

"ತಲ್ಯಾಗ ಗಡ್ಡಿ ಅದ ಅಂದ್ರು. ಅಂದ್ರ ಕ್ಯಾನ್ಸರೇ ಏನ್ರಿ?"

ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಮೆದುಳಿನ ಗಡ್ಡೆಗಳಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಡಾಕ್ಟರುಗಳು ಅವನ್ನು 1ರಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ. 1 ಅಂದರೆ ನಿಧಾನವಾಗಿ ಬೆಳೆಯುವಂಥದ್ದು, 4 ಅಂದರೆ ಬಹಳ ಬೇಗ ಬೆಳೆಯುವಂಥದ್ದು. ಮೆನಿಂಜಿಯೋಮ ಮೆದುಳಿನ ಹೊದಿಕೆಯಲ್ಲಿ ಹುಟ್ಟುತ್ತದೆ, ಹೆಂಗಸರಲ್ಲಿ ಜಾಸ್ತಿ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗ್ಲಿಯೋಬ್ಲಾಸ್ಟೋಮ 4ನೇ ಗ್ರೇಡಿನದು. ಇನ್ನು ಕೆಲವು ಶ್ವಾಸಕೋಶದ ಅಥವಾ ಸ್ತನದ ಕ್ಯಾನ್ಸರ್ ತಲೆಗೆ ಹರಡಿ ಆಗಿರುತ್ತವೆ. ಹಾಗಾಗಿ ಗಡ್ಡೆಯ ಹೆಸರೇನು, ಗ್ರೇಡ್ ಎಷ್ಟು, ಮೆದುಳಿನ ಯಾವ ಭಾಗದಲ್ಲಿದೆ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಸ್ವಭಾವ ಯಾಕೆ ಬದಲಾಯಿತು ಅನ್ನುವ ಪ್ರಶ್ನೆ ಬಂದಾಗ ಆ ಮೂರನೆಯ ಉತ್ತರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕ್ಯಾನ್ಸರ್ ಅಲ್ಲದ ಗಡ್ಡೆಯವರಿಗೆ ಬೇರೆಯದೇ ಒಂದು ಕಷ್ಟ. "ಕ್ಯಾನ್ಸರ್ ಅಲ್ಲಲ್ಲ, ಮತ್ಯಾಕ ಅಳ್ತಿ?" ಅಂತ ಮನೆಯವರೇ ಬಾಯಿ ಮುಚ್ಚಿಸುತ್ತಾರೆ. ಆದರೆ ತಲೆಬುರುಡೆಯೊಳಗೆ ಮಿಕ್ಕ ಜಾಗ ಇರುವುದಿಲ್ಲ. ಯಾವ ಗಡ್ಡೆ ಬೆಳೆದರೂ ಪಕ್ಕದ ಭಾಗವನ್ನು ಒತ್ತುತ್ತದೆ. ದೃಷ್ಟಿ, ನಡಿಗೆ, ನೆನಪು ಯಾವುದಕ್ಕಾದರೂ ಪೆಟ್ಟು ಬೀಳಬಹುದು. ತಲೆ ತೆರೆಸಿಕೊಳ್ಳುವ ಭಯವಂತೂ ಯಾರಿಗೂ ಕಡಿಮೆ ಇರುವುದಿಲ್ಲ.

"ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಮೊಬೈಲ್ ಜಾಸ್ತಿ ನೋಡಿದ್ದಕ್ಕ ಆಯ್ತೇನು? ಯಾರಾದ್ರೂ ಮಾಟ ಮಾಡ್ಸ್ಯಾರೇನು?"

ಹೆಚ್ಚಿನವರಲ್ಲಿ ಯಾಕೆ ಬಂತು ಎಂದು ಹೇಳಲು ಆಗುವುದಿಲ್ಲ. ಹಿಂದೆ ಯಾವಾಗಲೋ ತಲೆಗೆ ಕೊಟ್ಟ ರೇಡಿಯೇಷನ್ (ನಮ್ಮ ಮಂದಿ "ಕರೆಂಟ್" ಅನ್ನುವ ಚಿಕಿತ್ಸೆ) ಒಂದು ಗೊತ್ತಿರುವ ಕಾರಣ. ವಂಶದಲ್ಲಿ ಬರುವ ಕೆಲವು ಅಪರೂಪದ ಕಾಯಿಲೆಗಳು ಇನ್ನೊಂದು. ಮೊಬೈಲಿನಿಂದ ಬರುತ್ತದೆ ಎಂದು ಸಾಬೀತಾಗಿಲ್ಲ. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ ಅಂಟುವುದಿಲ್ಲ.

ಶರಣಬಸವೇಶ್ವರರ ಗುಡಿಗೆ ಹೋಗಿ, ಬಂದೇ ನವಾಜ್ ದರ್ಗಾಕ್ಕೆ ಹೋಗಿ, ಹರಕೆ ಹೊತ್ತುಕೊಳ್ಳಿ. ನಮ್ಮ ಕಡೆ ಇದನ್ನು ಬೇಡ ಅನ್ನುವುದರಲ್ಲಿ ಅರ್ಥವಿಲ್ಲ, ಎಷ್ಟೋ ಮಂದಿಗೆ ಅಲ್ಲಿ ಕೂತಾಗಲೇ ಮನಸ್ಸು ಹಗುರಾಗುತ್ತದೆ. ಆದರೆ ಗುಳಿಗೆ ಬಿಡಿಸಿ ಬೂದಿ, ತಾಯತ ಕೊಡುವವರಿಂದ ದೂರ ಇರಿ. ಇನ್ನೊಂದು ವಿಷಯ. ಮಾಟದ ಮಾತು ಬಂದರೆ ಬೆರಳು ಹೋಗುವುದು ಹೆಚ್ಚಾಗಿ ಮನೆಗೆ ಹೊಸದಾಗಿ ಬಂದ ಸೊಸೆಯ ಕಡೆಗೇ. ರೋಗಿಯನ್ನು ನೋಡಿಕೊಳ್ಳುತ್ತಿರುವವಳೂ ಬಹಳ ಸಲ ಅವಳೇ.

"ಅಪ್ಪಗ ಹೇಳಬೇಕಾ ಬ್ಯಾಡಾ? ಹೇಳಿದ್ರ ಎದಿ ಒಡ್ಕೋತಾರ ಅಂತ ಎಲ್ಲಾರೂ ಅಂತಾರ."

ಈ ಪ್ರಶ್ನೆ ಬಾರದ ಮನೆ ನಾನು ನೋಡಿಲ್ಲ. ಮುಚ್ಚಿಡುವವರಿಗೆ ಪ್ರೀತಿಯೇ ಕಾರಣ, ಅದು ಗೊತ್ತು. ಆದರೆ ಮುಚ್ಚಿಡುವುದು ನಡೆಯುವುದಿಲ್ಲ. ದವಾಖಾನೆ ಗೋಡೆಯ ಮೇಲಿನ ಬೋರ್ಡನ್ನು ಅಪ್ಪನೂ ಓದುತ್ತಾರೆ. ಪಕ್ಕದ ಬೆಂಚಿನವರು "ನಿಮಗ ಎಷ್ಟನೇದು ಕರೆಂಟ್?" ಅಂತ ಕೇಳುತ್ತಾರೆ. ಮಗ ಹೊರಗೆ ಹೋಗಿ ಫೋನಿನಲ್ಲಿ ಪಿಸುಗುಡುವುದು ಕಾಣುತ್ತದೆ. ಕೊನೆಗೆ ಅಪ್ಪನಿಗೂ ಗೊತ್ತು, ಮಕ್ಕಳಿಗೂ ಗೊತ್ತು, ಇಬ್ಬರೂ ಒಬ್ಬರಿಗೊಬ್ಬರು ನಗುತ್ತಾ ನಟಿಸುತ್ತಾರೆ. ಅಪ್ಪನಿಗೆ ಹೆದರಿಕೆ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಉಳಿಯುವುದಿಲ್ಲ.

ಎಷ್ಟು ಹೇಳಬೇಕು ಅನ್ನುವುದನ್ನು ಅವರನ್ನೇ ಕೇಳಿ. "ಅಪ್ಪಾ, ಡಾಕ್ಟರ್ ಏನಂದ್ರು ನಿಮಗ ಪೂರಾ ಹೇಳ್ಲೇನು, ಇಲ್ಲಾ ನಾವೇ ನೋಡ್ಕೋಬೇಕಾ?" ಕೆಲವರು "ನೀವೇ ನೋಡ್ರಪ್ಪಾ, ನನಗ ಬ್ಯಾಡ" ಅಂತಾರೆ. ಅದೂ ಅವರ ತೀರ್ಮಾನ, ಒಪ್ಪಿಕೊಳ್ಳಿ. ಕೇಳಬೇಕು ಅನ್ನುವವರಿಗೆ ಸ್ವಲ್ಪ ಸ್ವಲ್ಪವೇ ಹೇಳಿ, ಡಾಕ್ಟರ್ ಎದುರಿಗೆ ಹೇಳಿಸಿದರೆ ಇನ್ನೂ ಒಳ್ಳೆಯದು. ಸುಳ್ಳು ಮಾತ್ರ ಹೇಳಬೇಡಿ, ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ಗುಳಿಗೆ ಕೊಟ್ಟರೂ ನಂಬುವುದಿಲ್ಲ.

ಬೇರೆ ಕಾಯಿಲೆಗಿಂತ ಇಲ್ಲಿ ಅವಸರ ಜಾಸ್ತಿ. ಕೆಲವು ಗಡ್ಡೆಗಳಲ್ಲಿ ಮಾತು, ನೆನಪು, ತಿಳಿವಳಿಕೆ ಬೇಗ ಮಂಕಾಗಬಹುದು. ಹೊಲದ ವಿಷಯ, ಸಾಲದ ವಿಷಯ, ಮಗಳ ಮದುವೆಯ ವಿಷಯ ಅವರ ಬಾಯಿಂದಲೇ ಬರಬೇಕು ಅಂತಿದ್ದರೆ, ಬಾಯಿ ಬರುವಾಗಲೇ ಅವರಿಗೆ ಗೊತ್ತಿರಬೇಕಲ್ವಾ?

"ಸಣ್ಣ ಮಕ್ಕಳಿಗೆ ಏನಂತ ಹೇಳೋದು?"

ನಿಜವನ್ನೇ, ಅವರ ವಯಸ್ಸಿಗೆ ತಕ್ಕಷ್ಟು. "ಅವ್ವನ ತಲೆಯೊಳಗೆ ಒಂದು ಗಂಟು ಬೆಳೆದಿದೆ. ಅದರಿಂದ ಅವ್ವಗೆ ಸುಸ್ತಾಗುತ್ತೆ, ಕೆಲವೊಮ್ಮೆ ಸಿಟ್ಟು ಬರುತ್ತೆ. ಡಾಕ್ಟರ್ ಔಷಧ ಕೊಡ್ತಾ ಇದಾರೆ." ಇಷ್ಟು ಸಾಕು. ಜೊತೆಗೆ ಇನ್ನೆರಡು ಮಾತು ಹೇಳಲೇಬೇಕು. ನೀನು ಗಲಾಟೆ ಮಾಡಿದ್ದಕ್ಕೆ ಇದು ಬಂದದ್ದಲ್ಲ. ಇದು ನಿನಗೆ ಅಂಟುವುದಿಲ್ಲ. ಮಕ್ಕಳು ಬಾಯಿಬಿಟ್ಟು ಕೇಳದೇ ಇದ್ದರೂ ಮನಸ್ಸಿನಲ್ಲಿ ಇವೆರಡೇ ಇರುತ್ತವೆ. ಶಾಲೆ ಬಿಡಿಸಿ ಅಜ್ಜಿಯ ಊರಿಗೆ ಕಳಿಸುವುದು ಕೊನೆಯ ದಾರಿಯಾಗಿರಲಿ. ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿಡಿ.

"ನೋಡ್ಲಾಕ ಮಂದಿ ಬರೋದು ನಿಲ್ಲವಲ್ದು. ಬಂದವ್ರೆಲ್ಲಾ ಒಂದೊಂದು ಕತಿ ಹೇಳ್ತಾರ. ಏನ್ ಮಾಡ್ಲಿ?"

ಚಹಾ ಕೊಟ್ಟು ಸಾಕಾದಿರಿ, ಅಲ್ವಾ? ಹೊತ್ತು ಗೊತ್ತು ಮಾಡಿ: "ಡಾಕ್ಟರ್ ಸಂಜಿ 5ರಿಂದ 6ರ ತನಕ ಅಷ್ಟೇ ಅಂದಾರ." ಡಾಕ್ಟರ್ ಹೆಸರು ಹೇಳಿದರೆ ನಮ್ಮ ಮಂದಿ ಎದುರು ಮಾತಾಡುವುದಿಲ್ಲ. "ನಮ್ಮ ಓಣಿಯಾಗ ಒಬ್ಬಾವಗ ಹಿಂಗೇ ಆಗಿತ್ತು, ಮೂರು ತಿಂಗಳಿಗೆ ಹೋದ" ಅನ್ನುವವರನ್ನು ಮಾತಿನ ಮಧ್ಯದಲ್ಲೇ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ. ಇದು ಅಪಮಾನವಲ್ಲ. ಸುದ್ದಿ ತಿಳಿಸುವ ಕೆಲಸವನ್ನು ಒಬ್ಬ ತಮ್ಮನಿಗೋ ಅಳಿಯನಿಗೋ ಒಪ್ಪಿಸಿ, ಎಲ್ಲರೂ ಅವನಿಗೇ ಫೋನ್ ಮಾಡಲಿ.

## ಚಿಕಿತ್ಸೆ ನಡೆಯುವಾಗ

"ನಮ್ಮ ಮನ್ಯಾವ್ರು ಮೊದಲಿನಂಗ ಇಲ್ರಿ. ಸಣ್ಣ ಮಾತಿಗೂ ತಾಟು ಬೀಸಾಕ್ತಾರ. ಇದು ಗಡ್ಡಿ ಮಾಡೋದಾ, ಗುಳಿಗಿ ಮಾಡೋದಾ, ಅವ್ರೇ ಹಿಂಗಾಗ್ಯಾರಾ?"

ಮೂರೂ ಆಗಿರಬಹುದು. ಬೇರೆ ಬೇರೆ ಮಾಡಿ ನೋಡಿದರೆ ದಾರಿ ಸಿಗುತ್ತದೆ.

ಮೊದಲು ಗಡ್ಡೆ. ಹಣೆಯ ಹಿಂದಿರುವ ಮೆದುಳಿನ ಭಾಗ ನಮ್ಮ ಸಿಟ್ಟು, ಆಸೆ, ಮಾತನ್ನು ಹಿಡಿತದಲ್ಲಿ ಇಡುತ್ತದೆ. ಅಲ್ಲಿ ಗಡ್ಡೆ ಇದ್ದರೆ ಅಥವಾ ಅಲ್ಲಿ ಆಪರೇಷನ್ ಆಗಿದ್ದರೆ ಆ ಹಿಡಿತ ಸಡಿಲಾಗುತ್ತದೆ. ಎಂದೂ ಬೈಗುಳ ಆಡದವರು ಬೈಯುತ್ತಾರೆ, ಎಲ್ಲರೆದುರು ಆಡಬಾರದ ಮಾತು ಆಡುತ್ತಾರೆ. ಕೆಲವರು ಉಲ್ಟಾ, ಗೋಡೆ ನೋಡುತ್ತಾ ಕೂತುಬಿಡುತ್ತಾರೆ. ಸ್ನಾನ ಮಾಡಿ ಅಂದರೆ "ಹೂಂ" ಅಂತಾರೆ, ಏಳುವುದಿಲ್ಲ. ಮನೆಯವರು ಸೋಮಾರಿ ಅಂತ ಬೈಯುತ್ತಾರೆ. ಅದು ಸೋಮಾರಿತನವಲ್ಲ. ಕೆಲಸ ಶುರು ಮಾಡಿಸುವ ಭಾಗಕ್ಕೇ ಪೆಟ್ಟಾಗಿದೆ. ಕೇಳುವ ಬದಲು ಟವೆಲ್ ಕೈಗೆ ಕೊಟ್ಟು, ತೋಳು ಹಿಡಿದು ಎಬ್ಬಿಸಿ ಬಚ್ಚಲಿಗೆ ಜೊತೆಯಲ್ಲಿ ನಾಲ್ಕು ಹೆಜ್ಜೆ ಹಾಕಿ. ಮುಂದಿನದನ್ನು ಅವರೇ ಮಾಡಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡನೆಯದು ಗುಳಿಗೆ. ಮೆದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಗುಳಿಗೆ ನಿದ್ದೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಸಿಟ್ಟು ತರಿಸುತ್ತದೆ, ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ. ಶುಗರ್ ಕೂಡ ಏರಿಸುತ್ತದೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್‌ನಿಂದಲೂ ಕೆಲವರಿಗೆ ಬಹಳ ಸಿಡಿಮಿಡಿ ಆಗುತ್ತದೆ. ಇವನ್ನು ನೀವಾಗಿ ನಿಲ್ಲಿಸಬೇಡಿ. ಎರಡನ್ನೂ ಥಟ್ಟನೆ ಬಿಟ್ಟರೆ ಅಪಾಯ. ಆದರೆ ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡಬಹುದು, ಹೊತ್ತು ಬದಲಿಸಬಹುದು, ಬೇರೆ ಗುಳಿಗೆ ಕೊಡಬಹುದು. ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ಹೊತ್ತು, ಯಾವ ಗುಳಿಗೆ ಆದ ಮೇಲೆ ಏನಾಯಿತು ಎಂದು ಎರಡು ಸಾಲು ಬರೆದರೆ ಸಾಕು. ಡಾಕ್ಟರಿಗೆ "ಸಿಟ್ಟು ಜಾಸ್ತಿ" ಅನ್ನುವುದಕ್ಕಿಂತ "ಹೊಸ ಗುಳಿಗೆ ಶುರು ಮಾಡಿದ ನಾಲ್ಕನೇ ದಿನದಿಂದ" ಅನ್ನುವುದು ಹೆಚ್ಚು ಉಪಯೋಗ.

ಮೂರನೆಯದು ಮನಸ್ಸು. ನಿನ್ನೆವರೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವರಿಗೆ ಇವತ್ತು ಚಡ್ಡಿ ಹಾಕಿಕೊಳ್ಳಲು ಹೆಂಡತಿ ಬೇಕು. ಸಿಟ್ಟು ಬರದೇ ಇರುತ್ತದಾ?

ಸಿಟ್ಟು ಏರಿದಾಗ ವಾದ ಬೇಡ. ಟಿವಿ ಬಂದ್ ಮಾಡಿ. ಒಬ್ಬರೇ ಮಾತಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಕಾಯಿರಿ. ಇಲ್ಲವೇ ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬನ್ನಿ. ತಾನು ಬದಲಾಗಿದ್ದೇನೆ ಎಂಬುದೇ ಕೆಲವರಿಗೆ ಗೊತ್ತಾಗುವುದಿಲ್ಲ, ಅದೂ ಕಾಯಿಲೆಯ ಭಾಗ. ಕೈ ಎತ್ತುವ ಹಂತಕ್ಕೆ ಬಂದಿದ್ದರೆ ಕುಡಗೋಲು, ಕೊಡಲಿ ಕಣ್ಣಿಗೆ ಬೀಳದಂತೆ ಎತ್ತಿಡಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರಿ. "ಕಾಯಿಲೆ, ಸಹಿಸ್ಕೋ" ಎಂದು ಹೇಳುವವರ ಮಾತು ಕೇಳಿ ಹೊಡೆತ ತಿನ್ನಬೇಕಾಗಿಲ್ಲ. ಸ್ವಭಾವದ ಜೊತೆಗೆ ಜೋರು ತಲೆನೋವು, ವಾಂತಿ, ಮಂಪರು, ಗೊಂದಲ ಸೇರಿದರೆ ಅದೇ ದಿನ ದವಾಖಾನೆಗೆ ಹೋಗಿ.

"ಕನ್ನಡಿ ನೋಡ್ಕೊಳ್ಲಾಕ ಮನಸಾಗಲ್ಲ. ಇದು ನನ್ನ ಮಾರಿನೇ ಅಲ್ಲ ಅನಸ್ತದ."

ಆಪರೇಷನ್ನಿಗೆ ಕೂದಲು ತೆಗೆದಿರುತ್ತಾರೆ. ರೇಡಿಯೇಷನ್ ಹಾದ ಕಡೆಯಲ್ಲಷ್ಟೇ ಕೂದಲು ಉದುರಿ ತೇಪೆ ತೇಪೆ ಆಗುತ್ತದೆ. ಸ್ಟೆರಾಯ್ಡ್‌ನಿಂದ ಮುಖ ದುಂಡಗೆ ಊದುತ್ತದೆ. ಮುಖದ ಊತ ಗುಳಿಗೆ ಕಡಿಮೆಯಾದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಕೂದಲು ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಬರುತ್ತದೆ, ಡೋಸ್ ಜಾಸ್ತಿ ಬಿದ್ದ ಜಾಗದಲ್ಲಿ ತೆಳ್ಳಗೆ ಬರಬಹುದು ಅಥವಾ ಬಾರದೇ ಇರಬಹುದು.

ನಮ್ಮ ಕಡೆ ಬೋಳು ತಲೆಯ ಹೆಣ್ಣುಮಗಳನ್ನು ನೋಡುವ ಕಣ್ಣೇ ಬೇರೆ. ಗಂಡ ಇದ್ದೂ ಹೀಗಾ ಅಂತ ಬಾಯಿಬಿಟ್ಟು ಅಂದವರೂ ಇದ್ದಾರೆ. ಸೆರಗು ಹೊದ್ದುಕೊಳ್ಳಿ, ಮೆತ್ತನೆ ಕಾಟನ್ ಬಟ್ಟೆ ಕಟ್ಟಿಕೊಳ್ಳಿ, ಬೇಡ ಅನಿಸಿದರೆ ಹಾಗೇ ಇರಿ, ನಿಮ್ಮಿಷ್ಟ. ಹೊಲಿಗೆ ಮಾಯುವ ತನಕ ವಿಗ್ ಬೇಡ. ಕುಂಕುಮ, ಬಳೆ, ಹೂವು ಮೊದಲು ಇಷ್ಟವಿದ್ದರೆ ಈಗಲೂ ಹಾಕಿಕೊಳ್ಳಿ. ಮನೆಯವರಿಗೆ ಒಂದೇ ಮಾತು: ಹಳೆಯ ಫೋಟೋ ಗೋಡೆಯಿಂದ ತೆಗೆಯುವ ಮೊದಲು ಅವರನ್ನು ಕೇಳಿ.

"ಮಾತು ನಾಲಿಗೆ ತುದಿಗೆ ಬಂದು ನಿಲ್ತದ. ಮಂದಿ ನನಗ ಬುದ್ಧಿ ಇಲ್ಲ ಅನ್ಕೊಂಡಾರ."

ಬಲಗೈ ಬಳಸುವ ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಎಡ ಮೆದುಳಿನಲ್ಲಿ ಇರುತ್ತದೆ. ಅಲ್ಲಿ ತೊಂದರೆಯಾದರೆ ಪದ ಸಿಗುವುದಿಲ್ಲ, ನೀರು ಅನ್ನಲು ಹೋಗಿ ರೊಟ್ಟಿ ಅಂದುಬಿಡುತ್ತೀರಿ. ಬುದ್ಧಿ ಹೋಗಿಲ್ಲ, ಪದ ಸಿಗುವ ದಾರಿ ಕೆಟ್ಟಿದೆ. ಬೀದರ್ ಕಡೆಯ ಮನೆಗಳಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ನಡೆಯುತ್ತವೆ. ಹೀಗಾದಾಗ ಒಂದು ಭಾಷೆ ಇನ್ನೊಂದಕ್ಕಿಂತ ಸಲೀಸಾಗಿ ಬರುವುದುಂಟು. ಮನೆಯವರೇ, ರೋಗಿ ಯಾವುದು ಬರುತ್ತದೋ ಅದರಲ್ಲೇ ಮಾತಾಡಲಿ, "ಕನ್ನಡದಾಗ ಹೇಳು" ಅಂತ ತಿದ್ದಬೇಡಿ. ಹೌದು-ಇಲ್ಲ ಅನ್ನಬಹುದಾದ ಪ್ರಶ್ನೆ ಕೇಳಿ. ಅವರ ಬಾಯಿಗೆ ನೀವೇ ಪದ ಇಡುವ ಮೊದಲು ಮನಸ್ಸಿನಲ್ಲಿ ಹತ್ತು ಎಣಿಸಿ. ಸ್ಪೀಚ್ ಥೆರಪಿ ಬೇಗ ಶುರು ಮಾಡಿದಷ್ಟು ಒಳ್ಳೆಯದು.

"ಸಂತ್ಯಾಗ ಫಿಟ್ಸ್ ಬಂತು. ಚಪ್ಪಲಿ ವಾಸನಿ ತೋರ್ಸಿದ್ರಂತ. ಈಗ ಹೊರಗ ಹೋಗ್ಲಾಕ ನಾಚಿಕಿ."

ನಾಚಿಕೆ ಪಡಬೇಕಾದ್ದು ಚಪ್ಪಲಿ ಹಿಡಿದವರು. ಚಪ್ಪಲಿ, ಉಳ್ಳಾಗಡ್ಡಿ, ಕೀಲಿಕೈ ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಬೇಕು, ಕುತ್ತಿಗೆಯ ಬಟ್ಟೆ ಸಡಿಲಿಸಬೇಕು, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಬೇಕು. ಬಾಯಲ್ಲಿ ಏನೂ ತುರುಕಬಾರದು, ಕೈಕಾಲು ಅದುಮಿ ಹಿಡಿಯಬಾರದು. 5 ನಿಮಿಷ ದಾಟಿದರೆ ಅಥವಾ ಎಚ್ಚರ ಬರದೇ ಮತ್ತೊಂದು ಬಂದರೆ 108ಕ್ಕೆ ಕರೆ ಮಾಡಬೇಕು. ಇದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಮನೆಯ ಫೋನ್ ನಂಬರ್ ಜೊತೆಗೆ.

ಸಂತೆಗೆ ಹೋಗಿ, ಜೊತೆಗೆ ಒಬ್ಬರು ಇರಲಿ. ಬೈಕ್, ಟ್ರ್ಯಾಕ್ಟರ್ ಡಾಕ್ಟರ್ ಹೂಂ ಅನ್ನುವ ತನಕ ಬೇಡ. ಬಾವಿ ದಂಡೆಗೆ ಒಬ್ಬರೇ ಹೋಗಬೇಡಿ. ಹೆಣ್ಣುಮಕ್ಕಳು ಒಲೆ ಮುಂದೆ ಒಬ್ಬರೇ ಕೂತು ರೊಟ್ಟಿ ಬಡಿಯುವುದೂ ಸದ್ಯಕ್ಕೆ ಬೇಡ. ಬೆಂಕಿ ಪಕ್ಕದಲ್ಲಿ ಫಿಟ್ಸ್ ಬಂದರೆ ಸುಟ್ಟ ಗಾಯವೇ ದೊಡ್ಡದಾಗುತ್ತದೆ.

"ಊರು ಬಿಟ್ಟು ವಾರಗಟ್ಟಲೆ ಇರಬೇಕು. ಅಲ್ಲಿ ಯಾರೂ ನಮ್ಮವರಿಲ್ಲ."

ಬೀದರಿನವರು ಹೈದರಾಬಾದಿಗೆ, ಕಲಬುರಗಿಯವರು ಸೋಲಾಪುರಕ್ಕೆ ಅಥವಾ ಹೈದರಾಬಾದಿಗೆ, ಯಾದಗಿರಿಯವರು ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದು ಮೊದಲಿಂದ ನಡೆದಿದೆ. ರೇಡಿಯೇಷನ್ ವಾರಕ್ಕೆ 5 ದಿನದಂತೆ 6 ವಾರದವರೆಗೂ ಇರಬಹುದು. ಆಪರೇಷನ್ ದೂರದಲ್ಲಿ ಆದರೂ ರೇಡಿಯೇಷನ್ ಹತ್ತಿರದಲ್ಲಿ, ಅಂದರೆ ಕಲಬುರಗಿಯ ಕಿದ್ವಾಯಿ ಕೇಂದ್ರದಂಥ ಕಡೆ, ಆಗುತ್ತದಾ ಎಂದು ಮೊದಲೇ ಕೇಳಿ. ಮನೆಯ ಊಟ, ಮನೆಯ ಹಾಸಿಗೆ ಸಿಕ್ಕರೆ ಮನಸ್ಸಿಗೆ ಅರ್ಧ ಬಲ.

ಗಡ್ಡೆ ಕ್ಯಾನ್ಸರ್ ಆಗಿದ್ದರೆ ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರಲು ರಿಯಾಯಿತಿ ಇದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ 75%. ಡಾಕ್ಟರ್ ಸಹಿ ಹಾಕಿದ ಫಾರ್ಮ್ ಬೇಕು. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿ ಹೊರಡಿ. ಹೋದ ಮೇಲೆ ಓಡಾಡುವುದು ಬಹಳ ಕಷ್ಟ.

"ಕರೆಂಟ್ ಕೊಡೋದು ಮುಗೀತು. ಎಲ್ಲಾರೂ ಆರಾಮ ಆದ್ರಿ ಅಂತಾರ. ನನಗ ಯಾಕ ಏಳ್ಲಾಕ ಆಗವಲ್ದು?"

ರೇಡಿಯೇಷನ್ನಿನ ಸುಸ್ತು ಮುಗಿದ ದಿನಕ್ಕೇ ಹೋಗುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮಲಗಿ ಎದ್ದರೂ ಹೋಗದ ಸುಸ್ತು ಇದು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಸ್ವಲ್ಪ ನಡೆಯಿರಿ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಬೇಡಿ. ಮುಖ್ಯವಾದ ಕೆಲಸ ಮೈಯಲ್ಲಿ ಶಕ್ತಿ ಇರುವ ಹೊತ್ತಿಗೇ ಮಾಡಿ. ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಡಾಕ್ಟರಿಗೆ ತಿಳಿಸಿ.

## ನಾನು ಈಗ ಯಾರು?

"ಇಪ್ಪತ್ತು ವರ್ಷ ಮಾಸ್ತರ ಆಗಿದ್ದೆ. ಈಗ ಎಲ್ಲಾರಿಗೂ ಬರೀ ಪೇಷಂಟ್."

ಹಿಂದಿನ ಪ್ರಶ್ನೆಗಳಿಗೆ ಗುಳಿಗೆ, ಚೀಟಿ, ಫಾರ್ಮ್ ಅಂತ ಏನೋ ಒಂದು ಇದೆ. ಇದಕ್ಕೆ ಅಂಥದ್ದಿಲ್ಲ. ಆದರೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಮನುಷ್ಯನ ಗುರುತು ಉಳಿಯುವುದು ಅವನ ಪಾಲಿಗೆ ಒಂದು ಕೆಲಸ ಮತ್ತು ಒಂದು ಮಾತು ಉಳಿದಾಗ. ಮನೆಯವರು ಕಾಳಜಿಯ ಹೆಸರಿನಲ್ಲಿ ಮೊದಲು ಕಸಿದುಕೊಳ್ಳುವುದೂ ಅವೆರಡನ್ನೇ.

ಸೇಡಂ ಕಡೆಯ ಒಂದು ಮನೆ. ಯಜಮಾನರು ತೊಗರಿ ವ್ಯಾಪಾರದವರು. ಆಪರೇಷನ್ ಆದ ಮೇಲೆ ಎಡಗೈ ಕೆಲಸ ಮಾಡುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿತ್ತು. ಮಗ ಅಂಗಡಿ ವಹಿಸಿಕೊಂಡ. ಆದರೆ ದಿನಾ ಬೆಳಿಗ್ಗೆ ಒಂದು ಹಿಡಿ ತೊಗರಿ ತಂದು ಅಪ್ಪನ ಬಲಗೈಗೆ ಸುರಿಯುತ್ತಿದ್ದ. ಅವರು ಹೆಬ್ಬೆರಳಿನಿಂದ ಉಜ್ಜಿ, ಒಂದು ಕಾಳು ಹಲ್ಲಿನಲ್ಲಿ ಕಡಿದು, "ಹಸಿ ಅದ, ಇನ್ನೆರಡು ದಿನ ಬಿಸಿಲಿಗೆ ಹಾಕ್ರಿ" ಅನ್ನುತ್ತಿದ್ದರು. ಆಳುಗಳು ಹಾಗೇ ಮಾಡುತ್ತಿದ್ದರು. ಲೆಕ್ಕ ಹೋಗಿತ್ತು, ಕಾಳಿನ ಪರೀಕ್ಷೆ ಹೋಗಿರಲಿಲ್ಲ. ಏನು ಹೋಗಿದೆ, ಏನು ಉಳಿದಿದೆ ಅಂತ ಹೀಗೆ ಹುಡುಕಬೇಕು. ರೊಟ್ಟಿ ಬಡಿಯಲು ಆಗದವರು ಹಿಟ್ಟು ನಾದಿದ್ದು ಸರಿಯಾ ಅಂತ ನೋಡಬಹುದು. ನೀವು ಮಾಸ್ತರ ಅಂತೀರಿ. ಓಣಿಯ ಇಬ್ಬರು ಮಕ್ಕಳಿಗೆ ಅರ್ಧ ತಾಸು ಪಾಠ ಓದಿಸಿ ನೋಡಿ, ತಪ್ಪಿದರೆ ತಪ್ಪಲಿ.

ಬರೀ ಸಮಾಧಾನಕ್ಕೆಂದು ಹುಟ್ಟಿಸಿದ ಸುಳ್ಳು ಕೆಲಸ ಮಾತ್ರ ಕೊಡಬೇಡಿ. ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಸರ್ಕಾರಿ ನೌಕರರಾಗಿದ್ದರೆ ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಯಾರಾದರೂ ರಾಜೀನಾಮೆ ಬರೆದುಕೊಡಿ ಅಂದರೆ ಅವಸರ ಮಾಡಬೇಡಿ. ಗಡ್ಡೆ ಅನ್ನುವುದೇ ಆ ಕಾಯ್ದೆಯ ಪಟ್ಟಿಯಲ್ಲಿಲ್ಲ. ಅದರಿಂದ ಆದ ಕೈಕಾಲಿನ, ದೃಷ್ಟಿಯ, ಕಿವಿಯ, ಮಾತಿನ ತೊಂದರೆಗೆ ಪ್ರಮಾಣಪತ್ರ ಸಿಗುತ್ತದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

"ಸ್ಕ್ಯಾನ್ ದಿನ ಹತ್ರ ಬಂದ್ರೆ ನಿದ್ದೆ ಹಾರಿಹೋಗುತ್ತೆ. ಮನೆಯಲ್ಲಿ ಎಲ್ಲರೂ ಜಗಳ ಆಡ್ತಾರೆ."

ಎಲ್ಲ ಮನೆಯಲ್ಲೂ ಹೀಗೇ. ಜಗಳ ಬೇರೆ ವಿಷಯಕ್ಕೆ ಅನಿಸುತ್ತದೆ, ಒಳಗಿರುವುದು ಸ್ಕ್ಯಾನ್. ರಿಪೋರ್ಟ್ ಸಿಗುವ ದಿನವೇ ಡಾಕ್ಟರ್ ಭೇಟಿ ಇರುವಂತೆ ಗೊತ್ತು ಮಾಡಿಕೊಳ್ಳಿ. ರಿಪೋರ್ಟಿನ ಪದಗಳನ್ನು ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡಿ, ರೇಡಿಯೇಷನ್ ಆದ ಮೇಲೆ ಆಗುವ ಊತವೂ ಚಿತ್ರದಲ್ಲಿ ಗಡ್ಡೆ ಬೆಳೆದಂತೆ ಕಾಣುವುದುಂಟು. ಹೆದರಿಕೆ ಆಗ್ತಿದೆ ಅಂತ ಒಬ್ಬರು ಬಾಯಿಬಿಟ್ಟು ಹೇಳಿದರೆ ಉಳಿದವರ ಜಗಳ ಅರ್ಧ ನಿಲ್ಲುತ್ತದೆ.

"ಗಂಡನ್ನ ಮಗುವಿನಂಗ ನೋಡ್ಕೊಂಡು ನೋಡ್ಕೊಂಡು, ಗಂಡ ಅನ್ನೋದೇ ಮರ್ತಂಗ ಆಗ್ಯಾದ. ಯಾರಿಗ ಹೇಳ್ಲಿ?"

ಯಾರೂ ಹೇಳಿಕೊಳ್ಳುವುದಿಲ್ಲ, ಬಹಳ ಮಂದಿಗೆ ಆಗಿರುತ್ತದೆ. ಮೈ ಒರೆಸುವ, ಉಚ್ಚೆ ಬಳಿಯುವ ಕೆಲಸದಲ್ಲಿ ಒಂದಷ್ಟನ್ನು ಮಗ, ಮೈದುನ ಯಾರಾದರೂ ಹಂಚಿಕೊಂಡರೆ ನಿಮಗೆ ಹೆಂಡತಿಯಾಗಿ ಪಕ್ಕದಲ್ಲಿ ಸುಮ್ನೆ ಕೂರಲು ಹೊತ್ತು ಸಿಗುತ್ತದೆ. ಔಷಧದಿಂದ ಆಸೆ ಕಡಿಮೆ ಆಗುವುದು, ಹಿಡಿತ ತಪ್ಪಿ ಜಾಸ್ತಿ ಆಗುವುದು ಎರಡೂ ಇದೆ. ನಿಮಗೆ ಬೇಡವಾದಾಗ ಬೇಡ ಅನ್ನಿ. ಡಾಕ್ಟರ್ ಹತ್ತಿರ ಇದನ್ನು ಕೇಳುವುದರಲ್ಲಿ ತಪ್ಪಿಲ್ಲ.

"ಮನೆತನದಾಗ ಹಿಂಗದ ಅಂತ ಗೊತ್ತಾದ್ರ ಮಗಳಿಗೆ ವರ ಸಿಗ್ತಾನಾ?"

ಹೆಚ್ಚಿನ ಮೆದುಳು ಗಡ್ಡೆಗಳು ವಂಶದಲ್ಲಿ ಬರುವಂಥವಲ್ಲ. ನಿಮ್ಮದು ಅಂಥದ್ದಾ ಅಲ್ವಾ ಎಂದು ಡಾಕ್ಟರ್ ಹತ್ತಿರ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಬೀಗರು ಕೇಳಿದಾಗ ಡಾಕ್ಟರ್ ಅಂದದ್ದನ್ನು ನೇರವಾಗಿ ಹೇಳಿ. ಮುಚ್ಚಿಟ್ಟು ಮದುವೆ ಮಾಡಿದರೆ ಆಮೇಲೆ ಅನುಭವಿಸುವವಳು ಮಗಳು.

## ನೋಡಿಕೊಳ್ಳುವವರಿಗೆ

"ಒಮ್ಮೊಮ್ಮಿ ಇದೆಲ್ಲಾ ಬೇಗ ಮುಗದು ಹೋಗ್ಲಿ ಅನಸ್ತದ. ನಾ ಕೆಟ್ಟಾಕಿ ಏನ್ರಿ?"

ಇಲ್ಲ ತಾಯಿ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಬರುವ ಯೋಚನೆ ಇದು. ನಿಮಗೆ ಮುಗಿಯಬೇಕು ಅನಿಸುತ್ತಿರುವುದು ಈ ಕಷ್ಟ, ಆ ಮನುಷ್ಯರಲ್ಲ. ಇನ್ನೂ ಒಂದು ಇದೆ. ಎದುರಿಗೆ ಉಸಿರಾಡುತ್ತಿರುವವರನ್ನು ಕಳೆದುಕೊಂಡ ದುಃಖ ನಿಮಗೆ ಈಗಾಗಲೇ ಆಗಿದೆ. ಅವರು ಇದ್ದಾರೆ, ಹಾಗಾಗಿ ಅಳುವ ಹಾಗಿಲ್ಲ. ಮೊದಲಿನ ಮನುಷ್ಯ ಇಲ್ಲ, ಹಾಗಾಗಿ ಅಳದೇ ಇರಲೂ ಆಗದು. ಅಳಬೇಕು ಅನಿಸಿದರೆ ಅಳಿ. ಆದರೆ ದಿನಾ ಹಾಗೇ ಅನಿಸುತ್ತಿದ್ದರೆ, ನಾನೇ ಸಾಯಬೇಕು ಅನಿಸಿದರೆ, ಅವತ್ತೇ ಯಾರ ಹತ್ತಿರವಾದರೂ ಹೇಳಿ, ಕೆಳಗೆ ಹೇಳಿರುವ 14416 ನಂಬರಿಗೆ ಫೋನ್ ಮಾಡಿ.

"ಎಲ್ಲಾ ನನ್ನ ಮ್ಯಾಲೇ ಬಿದ್ದದ. ಮೈದುನರು ಪುಣೆದಾಗ ಕೂತು ಫೋನಿನಾಗ ಸಲಹೆ ಕೊಡ್ತಾರ."

"ಸ್ವಲ್ಪ ಸಹಾಯ ಮಾಡ್ರಿ" ಅಂದರೆ ಯಾರೂ ಮಾಡುವುದಿಲ್ಲ. ಕೆಲಸದ ಹೆಸರು ಹೇಳಿ ಕೇಳಿ. ತಿಂಗಳ ಔಷಧದ ದುಡ್ಡು ದೊಡ್ಡ ಮೈದುನ ಹಾಕಬೇಕು. ಸ್ಕ್ಯಾನಿಗೆ ಕರೆದುಕೊಂಡು ಹೋಗುವುದು ಸಣ್ಣವನ ಪಾಲು. ಭಾನುವಾರ ರಾತ್ರಿ ಅತ್ತಿಗೆ ಬಂದು ಮಲಗಬೇಕು, ಅವತ್ತು ನೀವು ಬೇರೆ ಕೋಣೆಯಲ್ಲಿ ನಿದ್ದೆ ಮಾಡಬೇಕು. ಒಂದು ಸಲ ಅವರಲ್ಲಿ ಯಾರಾದರೂ ಎರಡು ದಿನ ಪೂರ್ತಿ ನೋಡಿಕೊಂಡರೆ ಫೋನಿನ ಸಲಹೆ ತಾನೇ ಕಡಿಮೆಯಾಗುತ್ತದೆ! ನಿಮ್ಮ ಬಿಪಿ, ಶುಗರ್ ಗುಳಿಗೆ ತಪ್ಪಿಸಬೇಡಿ. ಭಜನೆಗೋ ಸಂಘದ ಮೀಟಿಂಗಿಗೋ ಮೊದಲು ಹೋಗುತ್ತಿದ್ದಿರಾ? ಈಗಲೂ ಹೋಗಿ. ನಿಮಗೂ ಪೇಷಂಟಿನ ಹೆಂಡತಿ ಅನ್ನುವುದಷ್ಟೇ ಹೆಸರಾಗಬಾರದು.

"ಮನಸಿನ ಡಾಕ್ಟರ್ ಹತ್ರ ಹೋದ್ರ ಹುಚ್ಚು ಅಂತಾರ. ಬ್ಯಾರೆ ದಾರಿ ಅದ ಏನು?"

ಮನೆಯಲ್ಲೇ ಕೂತು 14416ಕ್ಕೆ ಫೋನ್ ಮಾಡಿ. ಇದು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಕೇಂದ್ರ ಸರ್ಕಾರದ ಸಹಾಯವಾಣಿ, ಹೆಸರು ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ರೋಗಿಯೂ ಮಾಡಬಹುದು, ನೋಡಿಕೊಳ್ಳುವವರೂ ಮಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಮೂರೂ ಜಿಲ್ಲೆಯಲ್ಲಿ ಇದ್ದಾರೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಲ್ಲಿ ಮನೋರೋಗ ವಿಭಾಗ ಎಲ್ಲಿದೆ ಎಂದು ಕೇಳಿ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಡಾಕ್ಟರ್ ಬರುವ ವ್ಯವಸ್ಥೆ ಇದೆ, ಹ್ವಾದ ವಾರ ಬಂದಿದ್ರಾ ಅಂತ ವಿಚಾರಿಸಿ ಹೋಗಿ. ಗಡ್ಡೆ ಇರುವುದು, ಆಪರೇಷನ್ ಆದದ್ದು, ಈಗ ತಿನ್ನುತ್ತಿರುವ ಗುಳಿಗೆ ಎಲ್ಲವನ್ನೂ ಅವರಿಗೆ ಹೇಳಿ. ಮನಸ್ಸಿಗೆ ಕೊಡುವ ಕೆಲವು ಗುಳಿಗೆಗಳು ಫಿಟ್ಸ್ ತರಿಸಬಹುದು, ಅದನ್ನು ನೋಡಿಯೇ ಅವರು ಬರೆಯಬೇಕು.

"ಇನ್ನ ಏನೂ ಮಾಡ್ಲಾಕ ಆಗಲ್ಲ, ಮನಿಗ ಕರ್ಕೊಂಡು ಹೋಗ್ರಿ ಅಂದಾರ. ಈಗ ಏನ್ ಮಾಡೋದು?"

ಗಡ್ಡೆಗೆ ಏನೂ ಮಾಡಲಾಗದು ಅಂದರೆ ಮನುಷ್ಯನಿಗೆ ಏನೂ ಮಾಡಲಾಗದು ಅಂತಲ್ಲ. ತಲೆನೋವು, ವಾಂತಿ, ಫಿಟ್ಸ್, ಚಡಪಡಿಕೆ ಎಲ್ಲಕ್ಕೂ ಔಷಧ ಇದೆ. ಡಿಸ್ಚಾರ್ಜ್ ಆಗುವ ಮೊದಲೇ ನೋವು ಶಮನದ ಆರೈಕೆಯ ಬಗ್ಗೆ ಕೇಳಿ. ರಾತ್ರಿ ಫಿಟ್ಸ್ ಬಂದರೆ ಏನು ಕೊಡಬೇಕು, ಗುಳಿಗೆ ನುಂಗಲು ಆಗದಿದ್ದರೆ ಹೇಗೆ, ಯಾರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಂಡು ಬನ್ನಿ.

ದಿನ ಕಳೆದಂತೆ ನಿದ್ದೆ ಜಾಸ್ತಿಯಾಗುತ್ತದೆ, ಊಟ ಕಡಿಮೆಯಾಗುತ್ತದೆ. ಬಾಯಿ ಬಿಡಿಸಿ ಗಂಜಿ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ತುಟಿ ಒದ್ದೆ ಮಾಡಿ, ಮಗ್ಗುಲು ಬದಲಿಸಿ, ಬೆನ್ನು ಒರೆಸಿ. ಕೇಳಿಸುವುದಿಲ್ಲ ಅಂದುಕೊಂಡು ಅವರ ಎದುರೇ ಹೊಲದ ಪಾಲಿನ ಮಾತು ಎತ್ತಬೇಡಿ. ಬ್ಯಾಂಕು, ಪಹಣಿ, ನಾಮಿನಿಯ ಕೆಲಸ ಅವರಿಗೆ ತಿಳಿವಳಿಕೆ ಇರುವಾಗಲೇ ಮಾಡಿ. ಎಚ್ಚರವಿಲ್ಲದವರ ಹೆಬ್ಬೆಟ್ಟು ಒತ್ತಿಸಿದರೆ ಆಮೇಲೆ ಕೋರ್ಟು ಅಲೆಯಬೇಕಾಗುತ್ತದೆ.

"ಅಪ್ಪ ಹೋಗಿ ಆರು ತಿಂಗಳಾಯ್ತು. ನೆನಪಾಗೋದು ಆ ಕೊನೆಯ ಸಿಟ್ಟಿನ ಅಪ್ಪನೇ. ಮೊದಲಿನ ಅಪ್ಪ ನೆನಪಾಗವಲ್ಲರು."

ನೋಡಿಕೊಂಡವರಲ್ಲಿ ಇದು ಬಹಳ ಸಾಮಾನ್ಯ. ಹತ್ತಿರದಿಂದ ಕಂಡ ಕೊನೆಯ ತಿಂಗಳುಗಳು ಮುಂದೆ ಬಂದು ನಿಲ್ಲುತ್ತವೆ, ಹಳೆಯವು ಅವುಗಳ ಹಿಂದೆ ಇರುತ್ತವೆ. ಕಾಯಿಲೆಗೆ ಮೊದಲು ಅವರನ್ನು ಕಂಡವರ ಜೊತೆ ಕೂತು ಮಾತಾಡಿ: ಅವರ ಗೆಳೆಯರು, ಅಂಗಡಿಯವರು, ಸೋದರತ್ತೆ. ನೀವು ಹುಟ್ಟುವ ಮೊದಲಿನ ಅಪ್ಪನ ಸುದ್ದಿ ಅವರ ಹತ್ತಿರ ಇರುತ್ತದೆ. ಅವರು ಬೈದದ್ದರಲ್ಲಿ ನಿಜ ಎಷ್ಟು, ಕಾಯಿಲೆ ಎಷ್ಟು ಎಂದು ಕಾಡುತ್ತಿದ್ದರೆ, ನೋಡಿದ ಡಾಕ್ಟರ್ ಹತ್ತಿರ ಹಳೆಯ ಸ್ಕ್ಯಾನ್ ತೆಗೆದುಕೊಂಡು ಹೋಗಿ ಗಡ್ಡೆ ಎಲ್ಲಿತ್ತು, ಅದರಿಂದ ಏನೇನಾಗುತ್ತದೆ ಎಂದು ಕೇಳಿ. ತೀರಿಕೊಂಡ ಮೇಲೆ ಕೇಳಬಾರದು ಅಂತೇನೂ ಇಲ್ಲ. 14416ಕ್ಕೂ ಈಗಲೂ ಫೋನ್ ಮಾಡಬಹುದು.